ಹಸುವಿಗೆ ಸಿಕ್ಕ ಡಾಕ್ಟರು

(ಸಹಕಾರ ಸಪ್ತಾಹದ ತರಬೇತಿ ಶಿಬಿರವೊಂದರಲ್ಲಿ, ಹಾಲು ಉತ್ಪಾದಕರ ಸಂಘಗಳ ಕಾರ್ಯದರ್ಶಿಗಳು ಮತ್ತು ನಿರ್ದೇಶಕರ ಮುಂದೆ ನಿವೃತ್ತ ಕಾರ್ಯದರ್ಶಿಯೊಬ್ಬರು ಆಡಿದ ಮಾತುಗಳು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮ ಸಂಘದ ಸದಸ್ಯರೊಬ್ಬರ ಹಸು ರಾತ್ರಿ ಮೇವು ಬಿಟ್ಟಿದೆ, ಹೊಟ್ಟೆ ಉಬ್ಬರಿಸಿದೆ ಅಂತಿಟ್ಟುಕೊಳ್ಳಿ. ಅವರು ಯಾರಿಗೆ ಫೋನ್ ಮಾಡುತ್ತಾರೆ? ನಿಮಗೇ. ನೀವು ಒಕ್ಕೂಟದ ಡಾಕ್ಟರಿಗೆ ಹೇಳುತ್ತೀರಿ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಕೊಟ್ಟಿಗೆ ಮುಂದೆ ಡಾಕ್ಟರ ಬೈಕ್ ನಿಂತಿರುತ್ತದೆ. ಯಾವಾಗಲೂ ಅಲ್ಲ, ನನಗೂ ಗೊತ್ತು, ನಗಬೇಡಿ. ಆದರೂ ಬಹಳ ಸಲ ನಿಂತಿರುತ್ತದೆ.

ಈಗ ಅದೇ ಮನೆಯಲ್ಲಿ, ಆ ಹಸುವಿನ ಹಾಲು ಕರೆಯುವ ಹೆಣ್ಣುಮಗಳಿಗೆ ರಾತ್ರಿ ತಲೆ ಸುತ್ತು ಬಂತು. ಅವರು ಯಾರಿಗೆ ಫೋನ್ ಮಾಡುತ್ತಾರೆ?

ಯಾರಿಗೂ ಇಲ್ಲ, ಅಲ್ವಾ? ನಿಂಬೆಹಣ್ಣಿನ ಪಾನಕ ಕುಡಿದು ಮಲಗುತ್ತಾರೆ. ಬೆಳಿಗ್ಗೆ ಎದ್ದು ಹಾಲು ಕರೆದು, ಕ್ಯಾನ್ ಹಿಡಿದು ನಿಮ್ಮ ಡೈರಿಯ ಸಾಲಿನಲ್ಲಿ ನಿಲ್ಲುತ್ತಾರೆ. ನೀವು ಅವರ ಹಾಲಿನ ಫ್ಯಾಟ್ ನೋಡುತ್ತೀರಿ. ಅವರ ಬಿಪಿ ಯಾರೂ ನೋಡುವುದಿಲ್ಲ.

ನನಗೆ ಕೊಟ್ಟ ವಿಷಯ ಸಹಕಾರಿ ಆರೋಗ್ಯ ವಿಮೆ. ನಾನು ಡಾಕ್ಟರ್ ಅಲ್ಲ, ಅರ್ಥಶಾಸ್ತ್ರ ಓದಿದವನೂ ಅಲ್ಲ. ಹಾಲಿನ ಡೈರಿಯಲ್ಲಿ ಲೆಕ್ಕ ಬರೆದು ಕೂದಲು ಬೆಳ್ಳಗಾದವನು. ಅದಕ್ಕೇ ಹಸುವಿನಿಂದ ಶುರು ಮಾಡಿದೆ. ರಾಸುಗಳಿಗೆ ನಾವು ಏನೇನು ಮಾಡುತ್ತೇವೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಕಾಲುಬಾಯಿ ಜ್ವರಕ್ಕೆ ಲಸಿಕೆ. ಜಂತುಹುಳಕ್ಕೆ ಔಷಧಿ. ಖನಿಜ ಮಿಶ್ರಣ. ಊರಲ್ಲೇ ಕೃತಕ ಗರ್ಭಧಾರಣೆ ಮಾಡುವ, ಸಣ್ಣಪುಟ್ಟ ಪ್ರಥಮ ಚಿಕಿತ್ಸೆ ಗೊತ್ತಿರುವ ಒಬ್ಬ ಹುಡುಗ. ಅವನ ಕೈಲಿ ಆಗದಿದ್ದರೆ ಡಾಕ್ಟರು. ಇಷ್ಟೆಲ್ಲ ಆದ ಮೇಲೆ, ಕೊನೆಗೆ, ಕಿವಿಗೆ ಗುರುತಿನ ಓಲೆ ಹಾಕಿ ರಾಸು ವಿಮೆ. ಈ ಸಾಲನ್ನು ಗಮನಿಸಿ. ಮೊದಲು ಆರೈಕೆ, ಆಮೇಲೆ ವಿಮೆ. ಯಾರೂ ನಮಗೆ ಇದನ್ನು ಪಾಠ ಮಾಡಲಿಲ್ಲ. ಹಸು ಸತ್ತ ಮೇಲೆ ಬರುವ ದುಡ್ಡಿಗಿಂತ ಹಸು ಉಳಿಯುವುದೇ ಲಾಭ ಅಂತ ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಮನುಷ್ಯರ ವಿಷಯಕ್ಕೆ ಬಂದಾಗ ನಾವು ಆ ಸಾಲಿನ ಕೊನೆಯದನ್ನು ಮಾತ್ರ ಹಿಡಿದುಕೊಂಡೆವು. ನಾನು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದು ವಿವರ.

ಯಶಸ್ವಿನಿ, ಸಹಕಾರ ಸಂಘಗಳ ಸದಸ್ಯರ ಆರೋಗ್ಯ ವಿಮೆ, ಇಲ್ಲಿರುವ ಎಲ್ಲರಿಗೂ ಗೊತ್ತು. ಹೊಸಬರಿಗಾಗಿ ಸ್ವಲ್ಪ ಹೇಳುತ್ತೇನೆ. 2002ರ ನವೆಂಬರ್ 14ರಂದು, ಸಹಕಾರ ಸಪ್ತಾಹ ಶುರುವಾಗುವ ದಿನವೇ ಅದಕ್ಕೆ ಚಾಲನೆ ಕೊಟ್ಟರು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಇದರ ಹಿಂದೆ ಹೃದಯದ ಡಾಕ್ಟರು ದೇವಿ ಶೆಟ್ಟಿ ಅವರ ಯೋಚನೆ ಇತ್ತು. ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ ಇವೆ, ಆಪರೇಷನ್ ಬೇಕಾದ ರೈತರ ಕೈಯಲ್ಲಿ ದುಡ್ಡಿಲ್ಲ, ಊರೂರಲ್ಲಿ ಸಹಕಾರ ಸಂಘಗಳಿವೆ. ಈ ಮೂರನ್ನೂ ಸೇರಿಸಿದರೆ ಹೇಗೆ ಅಂತ. 2003ರ ಜೂನ್‌ನಿಂದ ಆಸ್ಪತ್ರೆಗಳಲ್ಲಿ ಜಾರಿಗೆ ಬಂತು. ಸದಸ್ಯರು ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60. ಸರ್ಕಾರ ಮೊದಲ ವರ್ಷ ಅದರ ಮೇಲೆ ತಿಂಗಳಿಗೆ ಎರಡೂವರೆ ರೂಪಾಯಿ ಹಾಕಿತು. ಮೊದಲ ವರ್ಷವೇ 16 ಲಕ್ಷ ಜನ ಸೇರಿದರು.

ಒಂದು ವರ್ಷದೊಳಗೆ 16 ಲಕ್ಷ. ಯಾವ ವಿಮಾ ಕಂಪನಿಯ ಏಜೆಂಟರ ಕೈಯಲ್ಲಿ ಆಗುತ್ತಿತ್ತು ಇದು? ನಮ್ಮಂಥವರಿಂದ ಆಯಿತು. ಹಾಲಿನ ಬಟವಾಡೆಯಲ್ಲಿ ಮುರಿದುಕೊಂಡೆವು. ಮಾರನೆಯ ದಿನ ಜಗಳ. "ಏನ್ ಕಾರ್ಯದರ್ಶಿಗಳೇ, ಬಟವಾಡೇಲಿ ಅರವತ್ತು ರೂಪಾಯಿ ಕಮ್ಮಿ ಐತಲ್ಲ?" ಅಂತ. ವರ್ಷ ತುಂಬಿದ ಮೇಲೆ ಇನ್ನೊಂದು ಜಗಳ. "ನಂಗೇನೂ ಕಾಯಿಲೆ ಬರ್ನಿಲ್ಲ, ದುಡ್ಡು ವಾಪಸ್ ಕೊಡಿ." ಚೀಟಿ ಹಾಕಿ ಅಭ್ಯಾಸ ಇರುವವರಿಗೆ ವಿಮೆ ಅರ್ಥ ಮಾಡಿಸುವುದು ಕಷ್ಟ. ಚೀಟಿಯಲ್ಲಿ ಹಾಕಿದ ದುಡ್ಡು ಒಂದಲ್ಲ ಒಂದು ದಿನ ಬರುತ್ತದೆ. ಇಲ್ಲಿ ಬರದಿದ್ದರೇ ಒಳ್ಳೆಯದು. ನಾನು ಅವರಿಗೆ ಕೇಳುತ್ತಿದ್ದೆ, "ರಾಸು ವಿಮೆ ಮಾಡಿಸಿದ್ದೆಯಲ್ಲ, ಹಸು ಸಾಯಲಿಲ್ಲ ಅಂತ ಬೇಜಾರಾ?" ಆಗ ನಗುತ್ತಿದ್ದರು. ದುಡ್ಡಿನ ಮಾತು ಬಿಡುತ್ತಿದ್ದರು.

ಲೆಕ್ಕ ನೋಡಿ, ಇದು ಚಂದ ಇದೆ. ಮೊದಲ ವರ್ಷ ಸುಮಾರು 9 ಸಾವಿರ ಆಪರೇಷನ್ ಆದವು. ಅಂದರೆ 180 ಜನಕ್ಕೆ ಒಬ್ಬರು, ಹೆಚ್ಚುಕಮ್ಮಿ. 180 ಜನಕ್ಕೆ ತಲಾ 90 ರೂಪಾಯಿ, ಅಂದರೆ ಅವರದ್ದು 60, ಸರ್ಕಾರದ್ದು 30, ಹಾಕಿದರೆ 16 ಸಾವಿರ ಚಿಲ್ಲರೆ. ಆಗಿನ ದರದಲ್ಲಿ ಒಂದು ಆಪರೇಷನ್ ಅದರೊಳಗೆ ಮುಗಿಯುತ್ತಿತ್ತು. ಹೃದಯದ್ದು ಹೆಚ್ಚು ಬೀಳುತ್ತಿತ್ತು, ಹರ್ನಿಯಾದ್ದು ಕಮ್ಮಿ. ನಮ್ಮೂರಿನ ಒಂದು ಬೀದಿಯ ಜನ ಸೇರಿ ಒಬ್ಬರ ಆಪರೇಷನ್ ಖರ್ಚು ಹೊತ್ತ ಹಾಗೆ. ಮದುವೆಗೆ ಮುಯ್ಯಿ ಹಾಕುವುದಿಲ್ಲವೇ, ಹಾಗೆ.

ಮತ್ತೆ ಎಲ್ಲಿ ತೊಡಕು ಬಂತು? ಮೊದಲನೆಯದು, ತಲೆಗೆ ಇಷ್ಟು ಅಂತ ಸೇರಿಸಿಕೊಂಡದ್ದು. ಮನೆಯಲ್ಲಿ ಐದು ಜನ ಇದ್ದರೆ "ಅಪ್ಪನ ಹೆಸರು ಮಾತ್ರ ಬರ್ಕೊಳ್ಳಿ" ಅನ್ನುವವರು ಬಹಳ. ಅಪ್ಪನಿಗೆ ಎದೆನೋವು ಶುರುವಾಗಿರುತ್ತಿತ್ತು. ಆಪರೇಷನ್ ದಿನ ಗೊತ್ತು ಮಾಡಿಕೊಂಡೇ ಸಂಘದ ಸದಸ್ಯರಾಗಲು ಬಂದವರನ್ನೂ ನೋಡಿದ್ದೇನೆ. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೆ ಮಡಕೆಗೆ ನೀರು ಹಾಕುವವರೆಲ್ಲ ಬಾಯಾರಿದವರೇ ಆದರೆ ಮಡಕೆ ಎಷ್ಟು ಹೊತ್ತು ತುಂಬಿರುತ್ತದೆ? ರಾಸು ವಿಮೆಯಲ್ಲಿ ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಓಲೆ ಹಾಕುವುದಿಲ್ಲ. ಮನುಷ್ಯರಿಗೆ ಹಾಗೆ ಮಾಡಲು ಬರುವುದಿಲ್ಲ, ಮಾಡಲೂಬಾರದು.

ಮೂರನೆಯ ವರ್ಷ 60 ರೂಪಾಯಿ 120 ಆಯಿತು. 20 ಲಕ್ಷದ ಆಸುಪಾಸು ಇದ್ದ ಜನ 15 ಲಕ್ಷಕ್ಕಿಂತ ಕೆಳಗೆ ಇಳಿದರು. ಆಮೇಲೆ ಮತ್ತೆ ಏರಿದರು, ಅದು ಬೇರೆ ಮಾತು. ಕಚೇರಿಯಲ್ಲಿ ಕೂತು ನೋಡಿದರೆ ತಿಂಗಳಿಗೆ ಐದೇ ರೂಪಾಯಿ ಜಾಸ್ತಿ. ಆದರೆ ಮನೆಯವರು ತಿಂಗಳಿಗೆ ಐದು ಕಟ್ಟುವುದಿಲ್ಲವಲ್ಲ, ಎಲ್ಲರದ್ದೂ ಒಟ್ಟಿಗೆ ಕಟ್ಟುತ್ತಾರೆ. ಅದೂ ಬೇಸಿಗೆಯಲ್ಲಿ. ಹಸಿಮೇವು ಇಲ್ಲ, ಹಾಲು ಕಮ್ಮಿ, ಮಕ್ಕಳ ಶಾಲೆ ಫೀಸು ಬೇರೆ.

ಎರಡನೆಯ ತೊಡಕು ನನಗೆ ದೊಡ್ಡದು. ಯಶಸ್ವಿನಿ ಮುಖ್ಯವಾಗಿ ಆಪರೇಷನ್‌ಗೆ ಇದ್ದ ಯೋಜನೆ. ಹೊರರೋಗಿಯಾಗಿ ಹೋದರೆ ಡಾಕ್ಟರ ಫೀಸು ಇರುತ್ತಿರಲಿಲ್ಲ, ಪರೀಕ್ಷೆಗಳಿಗೆ ರಿಯಾಯಿತಿ ಇತ್ತು. ಹಾವು ಕಚ್ಚಿದರೆ, ನಾಯಿ ಕಚ್ಚಿದರೆ, ಎತ್ತು ತಿವಿದರೆ, ಕರೆಂಟ್ ಹೊಡೆದರೆ ಅಂತ ಕೆಲವು ಸೇರಿದವು. ರೈತರ ಯೋಜನೆ ಅನ್ನುವುದು ಆ ಪಟ್ಟಿಯಲ್ಲೇ ಗೊತ್ತಾಗುತ್ತದೆ. ಆದರೆ ಜ್ವರ, ಸಕ್ಕರೆ, ಬಿಪಿ, ಉಬ್ಬಸ, ದಿನದಿನದ ಮಾತ್ರೆ, ಇವು ಒಳಗೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದಕ್ಕೂ ಕಾರಣ ಇದೆ. ಆಪರೇಷನ್ ಅಂದರೆ ಲೆಕ್ಕ ಸುಲಭ. ಆಗಿದೆಯೋ ಇಲ್ಲವೋ ಅಂತ ನೋಡಬಹುದು. ದರ ಮೊದಲೇ ಗೊತ್ತು ಮಾಡಬಹುದು. ಜ್ವರದ ಬಿಲ್ಲುಗಳನ್ನು 16 ಲಕ್ಷ ಜನರಿಂದ ತರಿಸಿಕೊಂಡು ನೋಡುತ್ತಾ ಕೂತರೆ, ನೋಡುವವರ ಸಂಬಳಕ್ಕೇ ದುಡ್ಡು ಸಾಲುವುದಿಲ್ಲ.

ನಮ್ಮ ಸಂಘದಲ್ಲಿ ಒಬ್ಬರು ಹಿರಿಯರು ಇದ್ದರು. ಹೆಸರು ಬೇಡ. ದಿನಾ ಎರಡು ಹೊತ್ತು ಹಾಲು ಹಾಕುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ತಿಂಗಳಿಗೆ ಒಮ್ಮೆ ಪೇಟೆಯಿಂದ ತರಬೇಕು. ಹಾಲು ಕಮ್ಮಿಯಾದ ತಿಂಗಳು ಮಾತ್ರೆ ನಿಲ್ಲುತ್ತಿತ್ತು. ಹಿಂಡಿಗೆ ದುಡ್ಡು ಮೊದಲು, ಮಾತ್ರೆ ಆಮೇಲೆ. ಒಂದು ದಿನ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಗಾಯ ಮಾಗಲಿಲ್ಲ. ಅರಿಶಿನ ಹಚ್ಚಿದರು, ಇನ್ನೇನೋ ಸೊಪ್ಪು ಕಟ್ಟಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಪಾದ ಕಪ್ಪಾಗಿತ್ತು. ಮೊಣಕಾಲಿನ ಕೆಳಗೆ ತೆಗೆದರು. ಯಶಸ್ವಿನಿ ಕಾರ್ಡ್ ಇತ್ತು, ಕೈಯಿಂದ ಏನೂ ಖರ್ಚಾಗಲಿಲ್ಲ. ಅವರ ಮಗ ಬಂದು ನನ್ನ ಕೈ ಹಿಡಿದು, "ನೀವು ಅವತ್ತು ಬಲವಂತ ಮಾಡಿ ಕಟ್ಟಿಸ್ಕೊಂಡಿದ್ದಕ್ಕೆ ಬಚಾವಾದ್ವಿ" ಅಂದ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಾಲು ತೆಗೆಯುವುದಕ್ಕೆ ನಾನು ದುಡ್ಡು ಸೇರಿಸಿ ಇಟ್ಟಿದ್ದೆ. ಕಾಲು ಉಳಿಸುವ ಮಾತ್ರೆಗೆ ಇಟ್ಟಿರಲಿಲ್ಲ. ಆ ಮನುಷ್ಯ ದಿನಕ್ಕೆ ಎರಡು ಸಲ ನನ್ನ ಕಿಟಕಿಯ ಮುಂದೆ ಬಂದು ನಿಲ್ಲುತ್ತಿದ್ದರು. ಕುಂಟುತ್ತಿದ್ದದ್ದು ನಾನೇ ನೋಡಿದ್ದೆ.

ಇದಕ್ಕೆ ಉತ್ತರ ಹುಡುಕಿದವರು ಇದ್ದಾರೆ. ಬೇರೆ ಬೇರೆ ಕಡೆ, ಬೇರೆ ಬೇರೆ ತರ. ಮೂರು ನಾಲ್ಕು ಹೇಳುತ್ತೇನೆ.

ಮಹಾರಾಷ್ಟ್ರದ ವಾರ್ಧಾ ಹತ್ತಿರ ಸೇವಾಗ್ರಾಮ. ಗಾಂಧೀಜಿಯ ಡಾಕ್ಟರಾಗಿದ್ದ ಸುಶೀಲಾ ನಯ್ಯರ್ 1969ರಲ್ಲಿ ಅಲ್ಲಿ ಮೆಡಿಕಲ್ ಕಾಲೇಜು ಶುರು ಮಾಡಿದರು. ಅಲ್ಲಿನ ಡಾಕ್ಟರುಗಳು ಸುತ್ತಲಿನ ಹಳ್ಳಿಗಳಲ್ಲಿ ಒಂದು ವಿಮೆ ಮಾಡಿದರು, 70ರ ದಶಕದ ಕೊನೆಯ ಹೊತ್ತಿಗೆ. ಕಂತು ಏನು ಗೊತ್ತೇ? ಜೋಳ. ಸುಗ್ಗಿಯಲ್ಲಿ, ಕಣದಲ್ಲಿ ರಾಶಿ ಇರುವಾಗ, ಪ್ರತಿ ಮನೆಯಿಂದ ಇಷ್ಟಿಷ್ಟು ಜೋಳ. ಹೊಲ ಜಾಸ್ತಿ ಇದ್ದವರು ಜಾಸ್ತಿ, ಹೊಲ ಇಲ್ಲದವರು ಕಮ್ಮಿ. ಹಿಂದೆ ನಮ್ಮ ಕಡೆ ಆಯಗಾರರಿಗೆ ಕಣದಲ್ಲೇ ಅಳೆದು ಕೊಡುತ್ತಿರಲಿಲ್ಲವೇ? ಬಡಗಿಗೆ, ಕಮ್ಮಾರನಿಗೆ, ಮಡಿವಾಳರಿಗೆ. ಅದೇ ದಾರಿಯಲ್ಲಿ ಆಸ್ಪತ್ರೆಗೂ ಅಳೆದ ಹಾಗೆ. ಬೇಸಿಗೆಯಲ್ಲಿ ರಸೀದಿ ಪುಸ್ತಕ ಹಿಡಿದು ಮನೆಮನೆ ಸುತ್ತಿದ ನನಗೆ ಇದನ್ನು ಕೇಳಿದಾಗ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಇನ್ನೂ ಜಾಣತನ ಇದೆ. ಊರಿನ ಮುಕ್ಕಾಲು ಪಾಲು ಜನ ಸೇರಿದರೆ ಮಾತ್ರ ಆ ಊರಿಗೆ ಯೋಜನೆ. ಇಲ್ಲದಿದ್ದರೆ ಯಾರಿಗೂ ಇಲ್ಲ. ಅಪ್ಪನ ಹೆಸರು ಮಾತ್ರ ಬರೆಸುವ ಆಟ ಅಲ್ಲಿ ನಡೆಯುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಬಂದ ಕಾಯಿಲೆಗೆ ಪೂರ್ತಿ ಉಚಿತ. ಮೊದಲೇ ಗೊತ್ತಿರುವ ಹೆರಿಗೆ, ಕಣ್ಣಿನ ಪೊರೆ, ಹರ್ನಿಯಾ ಇಂಥದ್ದಕ್ಕೆ ಖರ್ಚಿನ ಕಾಲು ಭಾಗ ಮನೆಯವರು ಕೊಡಬೇಕಿತ್ತು. ಊರಲ್ಲೇ ಒಬ್ಬ ಆರೋಗ್ಯ ಕಾರ್ಯಕರ್ತ, ಅವನ ಹತ್ತಿರ ಔಷಧಿ. ನಮ್ಮ ಕೃತಕ ಗರ್ಭಧಾರಣೆ ಹುಡುಗನ ಹಾಗೆ ಅನ್ನಿ.

ಗೂಡಲೂರು ನೀವೆಲ್ಲ ನೋಡಿರುತ್ತೀರಿ. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುವಾಗ ಬಸ್ಸು ಚಹಾಕ್ಕೆ ನಿಲ್ಲಿಸುವ ಊರು. ಚಹಾ ಕುಡಿದು ನಾವು ಮುಂದೆ ಹೋಗುತ್ತೇವೆ. ಅಲ್ಲಿ ಆದಿವಾಸಿಗಳದ್ದೇ ಒಂದು ಆಸ್ಪತ್ರೆ ಇದೆ ಅಂತ ನನಗೂ ಬಹಳ ವರ್ಷ ಗೊತ್ತಿರಲಿಲ್ಲ. ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕ, ಇರುಳ. ಬೆಟ್ಟಕುರುಂಬರ ಮಾತು ಕೇಳಿದರೆ ನಮ್ಮ ಕನ್ನಡದ ದಾಯಾದಿ ಅನ್ನಿಸುತ್ತದೆ. 80ರ ದಶಕದ ಮಧ್ಯದಲ್ಲಿ ಅಕಾರ್ಡ್ ಅನ್ನುವ ಸಂಸ್ಥೆ ಅಲ್ಲಿ ಭೂಮಿಯ ಹಕ್ಕಿನ ಕೆಲಸ ಶುರು ಮಾಡಿತು. ಆದಿವಾಸಿಗಳದ್ದೇ ಸಂಘ ಕಟ್ಟಿದರು. ಜನ ಒಟ್ಟಾದ ಮೇಲೆ ಆರೋಗ್ಯದ ಮಾತು ಬಂತು. ಮೊದಲು ಹಾಡಿಗಳಲ್ಲಿ ಆರೋಗ್ಯ ಕಾರ್ಯಕರ್ತರು. ಆಮೇಲೆ ಒಂದೊಂದು ಭಾಗಕ್ಕೆ ಒಂದು ಉಪಕೇಂದ್ರ. 1990ರಲ್ಲಿ ಆಸ್ಪತ್ರೆ. ನರ್ಸ್‌ಗಳು ಯಾರು? ಅದೇ ಹಾಡಿಗಳ ಹೆಣ್ಣುಮಕ್ಕಳು, ಅಲ್ಲೇ ಕಲಿತವರು. ವಿಮೆ ಬಂದದ್ದು 1992ರಲ್ಲಿ. ಕೊನೆಗೆ!

ಸಾಲು ನೋಡಿ. ಸಂಘ, ಕಾರ್ಯಕರ್ತೆ, ಉಪಕೇಂದ್ರ, ಆಸ್ಪತ್ರೆ, ಆಮೇಲೆ ವಿಮೆ. ನಮ್ಮ ರಾಸುಗಳ ಸಾಲೇ ಇದು. ಕಂತು ಎತ್ತುತ್ತಿದ್ದದ್ದು ಕೂಲಿ ಸಿಗುವ, ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ತಿಂಗಳುಗಳಲ್ಲಿ. ಆಸ್ಪತ್ರೆಯವರು ಎಲ್ಲರ ಪರವಾಗಿ ವಿಮಾ ಕಂಪನಿಯ ಜೊತೆ ಒಂದೇ ಪಾಲಿಸಿ ಮಾಡಿಕೊಂಡರು. ಅರ್ಜಿ, ಬಿಲ್ಲು, ಕಂಪನಿಯ ಜೊತೆ ಪತ್ರವ್ಯವಹಾರ ಎಲ್ಲ ಆಸ್ಪತ್ರೆಯ ತಲೆನೋವು. ಕಾಯಿಲೆಯವರು ಬಂದು ಮಲಗಿದರೆ ಸಾಕು. ಆ ಕೆಲಸದಲ್ಲಿದ್ದ ಡಾಕ್ಟರು ಎನ್. ದೇವದಾಸನ್ ಮುಂದೆ ಬೆಂಗಳೂರಿಗೆ ಬಂದು ಇಂಥ ವಿಮೆಗಳ ಬಗ್ಗೆಯೇ ಅಧ್ಯಯನ ಮಾಡಿದರು. ಗೂಡಲೂರಿನಲ್ಲಿ ವಿಮೆ ಇದ್ದವರು ವಿಮೆ ಇಲ್ಲದವರಿಗಿಂತ ಜಾಸ್ತಿ ಆಸ್ಪತ್ರೆ ಸೇರಿದರು ಅಂತ ಕಂಡುಬಂತು. ಕಂಪನಿಯವರಿಗೆ ಇದು ಕೆಟ್ಟ ಸುದ್ದಿ. ಮೊದಲು ಹಾಡಿಯಲ್ಲೇ ಮಲಗಿ ಸಾಯುತ್ತಿದ್ದವರ ಬಗ್ಗೆ ಯೋಚಿಸುವವರಿಗೆ ಒಳ್ಳೆಯ ಸುದ್ದಿ.

ನಮ್ಮ ಟಿ. ನರಸೀಪುರದಲ್ಲೂ ಒಂದು ಪ್ರಯೋಗ ಆಗಿತ್ತು, ಕರುಣಾ ಟ್ರಸ್ಟ್‌ನದ್ದು, 2002ರಲ್ಲಿ. ಬಿಳಿಗಿರಿರಂಗನ ಬೆಟ್ಟದ ಡಾಕ್ಟರ್ ಸುದರ್ಶನ್ ಅವರ ಸಂಸ್ಥೆ. ಅವರು ಸರ್ಕಾರಿ ಆಸ್ಪತ್ರೆ ಬಿಟ್ಟು ಖಾಸಗಿಗೆ ಹೋಗಿ ಅನ್ನಲಿಲ್ಲ. ಸರ್ಕಾರಿ ಆಸ್ಪತ್ರೆ ಉಚಿತ ತಾನೇ, ಜನ ಯಾಕೆ ಸೇರುವುದಿಲ್ಲ ಅಂತ ಕೇಳಿದರು. ಕಾರಣ ಕೂಲಿ. ಒಂದು ದಿನ ಹಾಸಿಗೆಯಲ್ಲಿ ಮಲಗಿದರೆ ಒಂದು ದಿನದ ಕೂಲಿ ಹೋಯಿತು. ಅದಕ್ಕೆ ಒಳರೋಗಿಯಾಗಿದ್ದಷ್ಟು ದಿನ ದಿನಕ್ಕೆ 50 ರೂಪಾಯಿ ಕೂಲಿ ನಷ್ಟಕ್ಕೆ, 50 ರೂಪಾಯಿ ಔಷಧಿಗೆ. ಆಗಿನ 50 ರೂಪಾಯಿ. ಇದನ್ನು ಯೋಚಿಸಲು ಕೂಲಿಯವರ ಮನೆಯಲ್ಲಿ ಕೂತು ಮಾತಾಡಿರಬೇಕು. ನಮಗೂ ಇದು ಅನ್ವಯಿಸುತ್ತದೆ. ಹಾಲು ಕರೆಯುವವಳು ಆಸ್ಪತ್ರೆ ಸೇರಿದರೆ ಹಸು ಕರೆಯುವವರು ಯಾರು? ಕೆಲವು ಹಸು ಬೇರೆಯವರ ಕೈಗೆ ಸೊರೆಯುವುದೇ ಇಲ್ಲ. ಈ ಒಂದು ಕಾರಣಕ್ಕೆ ಆಪರೇಷನ್ ಮುಂದೆ ಹಾಕಿದ ಹೆಂಗಸರು ನಮ್ಮೂರಲ್ಲೇ ನಾಲ್ಕೈದು ಜನ ಸಿಗುತ್ತಾರೆ.

ಸ್ವಲ್ಪ ದೂರ ಹೋಗಿ ಬರುತ್ತೇನೆ. ಕೆನಡಾದಲ್ಲಿ ಸಸ್ಕಾಚೆವಾನ್ ಅಂತ ಒಂದು ಪ್ರಾಂತ್ಯ. ಗೋಧಿ ಬೆಳೆಯುವ ಸೀಮೆ, ಸಹಕಾರ ಸಂಘ ಕಟ್ಟಿ ಪಳಗಿದ ರೈತರು. 1962ರ ಜುಲೈನಲ್ಲಿ ಅಲ್ಲಿನ ಸರ್ಕಾರ ಎಲ್ಲರಿಗೂ ಆರೋಗ್ಯ ವಿಮೆ ತಂದಿತು. ಡಾಕ್ಟರುಗಳು ಸಿಟ್ಟಾಗಿ 23 ದಿನ ಮುಷ್ಕರ ಮಾಡಿದರು. ಜನ ಏನು ಮಾಡಿದರು? ಸಾಸ್ಕಟೂನ್‌ನಂಥ ಕಡೆ ಸೇರಿ ತಮ್ಮದೇ ಸಹಕಾರಿ ಚಿಕಿತ್ಸಾಲಯ ತೆರೆದರು, ಕೆಲಸಕ್ಕೆ ಒಪ್ಪಿದ ಡಾಕ್ಟರನ್ನು ಕರೆದು ಕೂರಿಸಿದರು. ಅದು ಇವತ್ತಿಗೂ ಸದಸ್ಯರದ್ದೇ. ನಾವು ಡೈರಿಗೆ ಕಟ್ಟಡ ಕಟ್ಟಿದ ಹಾಗೆ ಅವರು ಡಾಕ್ಟರಿಗೆ ಕಟ್ಟಿದರು.

ಮತ್ತೆ ಊರಿಗೆ. 2018ರಲ್ಲಿ ಯಶಸ್ವಿನಿ ನಿಂತಿತು, ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ಜೊತೆ ಸೇರಿತು. ಹೊಸದರಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಚೀಟಿ ತರಬೇಕು, ಎಪಿಎಲ್ ಕಾರ್ಡಿನವರಿಗೆ ಸಿಗುವುದು ಖರ್ಚಿನ ಶೇಕಡಾ 30 ಮಾತ್ರ. ನಾನು ಮೊನ್ನೆ ನಮ್ಮ ಸಂಘದ ಹಳೆಯ ನಡಾವಳಿ ಪುಸ್ತಕ ತೆಗೆದು ನೋಡಿದೆ. ಆ ವರ್ಷದ ಮಹಾಸಭೆಯಲ್ಲಿ ಯಶಸ್ವಿನಿ ಬಗ್ಗೆ ಒಂದು ಸಾಲೂ ಇಲ್ಲ. ಹಿಂಡಿ ದರದ ಬಗ್ಗೆ ಎರಡು ಪುಟ ಇದೆ. ಹದಿನೈದು ವರ್ಷ ದುಡ್ಡು ಕಟ್ಟಿದ ಯೋಜನೆ ಹೋಯಿತು, ನಾವು ಯಾರೂ ಎದ್ದು ನಿಂತು ಕೇಳಲಿಲ್ಲ. ಹಾಲಿನ ದರ ಒಂದು ರೂಪಾಯಿ ಇಳಿಸಲಿ, ಕ್ಯಾನ್ ಹಿಡಿದು ರಸ್ತೆಯಲ್ಲಿ ಕೂರುತ್ತೇವೆ. ಯಾಕೆ? ಹಾಲು ನಮ್ಮದು ಅಂತ ಗೊತ್ತಿತ್ತು. ಯಶಸ್ವಿನಿ ನಮ್ಮದು ಅಂತ ಗೊತ್ತಿರಲಿಲ್ಲ. ನಾವು ಬರೀ ರಸೀದಿ ಹರಿದು ಕೊಟ್ಟವರು.

ಆಮೇಲೆ 2022ರ ಕೊನೆಯಲ್ಲಿ ನೋಂದಣಿ ಮತ್ತೆ ಶುರುವಾಯಿತು, 2023ರ ಜನವರಿಯಿಂದ ಚಿಕಿತ್ಸೆ. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಪಟ್ಟಣದಲ್ಲಿ ಸಾವಿರ. ವರ್ಷಕ್ಕೆ 5 ಲಕ್ಷದವರೆಗೆ. ಈ ಸಲ ತಲೆ ಲೆಕ್ಕ ಇಲ್ಲ, ಕುಟುಂಬದ ಲೆಕ್ಕ. ಇದು ಒಳ್ಳೆಯ ಬದಲಾವಣೆ. ಕಟ್ಟಿಸಿ, ಎಲ್ಲರಿಂದಲೂ ಕಟ್ಟಿಸಿ. ನಾನು ವಿಮೆ ಬೇಡ ಅನ್ನುತ್ತಿಲ್ಲ. ಆ ಹಿರಿಯರಿಗೆ ಕಾರ್ಡ್ ಇಲ್ಲದಿದ್ದರೆ ಕಾಲಿನ ಜೊತೆ ಎರಡು ಹಸುವೂ ಹೋಗುತ್ತಿತ್ತು.

ಆದರೆ ಮಾತ್ರೆ?

ನಾವು ಮಾಡಿದ್ದು ಸಣ್ಣದು, ಹೇಳಿಕೊಳ್ಳಲು ಸಂಕೋಚ. ಸಂಘದಿಂದ ಒಂದು ಬಿಪಿ ಯಂತ್ರ, ಒಂದು ಸಕ್ಕರೆ ನೋಡುವ ಯಂತ್ರ ತಂದೆವು. ತಿಂಗಳಿಗೆ ಎರಡು ದಿನ, ಬೆಳಿಗ್ಗೆ ಹಾಲಿನ ಸಾಲು ನಿಂತಾಗ, ಆಶಾ ಕಾರ್ಯಕರ್ತೆ ಬಂದು ಕೂರುತ್ತಾರೆ. ಆರೂವರೆಗೆ ನಮ್ಮ ಮುಂದೆ ನೂರು ಜನ ತಾವೇ ಬಂದು ನಿಂತಿರುತ್ತಾರೆ, ಯಾವ ಆಸ್ಪತ್ರೆಯ ಶಿಬಿರಕ್ಕೂ ಹಾಗೆ ಬರುವುದಿಲ್ಲ. ಜಾಸ್ತಿ ಇದ್ದವರ ಹೆಸರು ಬರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತೇವೆ. ಹೋಗದಿದ್ದರೆ ಮುಂದಿನ ಬಟವಾಡೆ ದಿನ ಕಿಟಕಿಯಲ್ಲಿ ಕೇಳುತ್ತೇವೆ. ದುಡ್ಡು ಎಣಿಸುವಾಗ ಕೇಳಿದರೆ ಯಾರೂ ಸುಳ್ಳು ಹೇಳಿ ಓಡಿಹೋಗಲು ಆಗುವುದಿಲ್ಲ!

ಎಲ್ಲ ಸರಿಹೋಯಿತು ಅನ್ನಲಾರೆ. ಗಂಡಸರು ತೋಳು ಕೊಡುವುದಿಲ್ಲ, "ನಂಗೇನಾಗೈತೆ" ಅನ್ನುತ್ತಾರೆ. ರಕ್ತ ನೋಡುವ ಸ್ಟ್ರಿಪ್ ಎರಡು ಸಲ ಮುಗಿದುಹೋಗಿ ಜನ ವಾಪಸ್ ಹೋದರು. ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಇಲ್ಲದ ತಿಂಗಳು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಕೃಷಿ ಪತ್ತಿನ ಸಂಘಗಳಲ್ಲಿ ಕಮ್ಮಿ ಬೆಲೆಗೆ ಮಾತ್ರೆ ಸಿಗುವ ಜನೌಷಧಿ ಅಂಗಡಿ ತೆರೆಯಬಹುದು ಅಂತ ಕೇಂದ್ರ ಸರ್ಕಾರ 2023ರಲ್ಲಿ ಹೇಳಿತು, ದೇಶದಲ್ಲಿ 2 ಸಾವಿರ ಸಂಘಗಳಿಗೆ. ನಿಮ್ಮೂರಿನ ಸೊಸೈಟಿಯಲ್ಲಿ ಗೊಬ್ಬರದ ಗೋಡೌನ್ ಪಕ್ಕ ಒಂದು ಕೋಣೆ ಖಾಲಿ ಇದ್ದರೆ ಹೋಗಿ ಕೇಳಿ. ಫಾರ್ಮಸಿ ಓದಿದವರು ಒಬ್ಬರು ಬೇಕು, ಅದೇ ಕಷ್ಟ. ಆದರೆ ನಮ್ಮ ಸದಸ್ಯರ ಮಕ್ಕಳಲ್ಲೇ ಓದಿದವರು ಇದ್ದಾರೆ, ಪೇಟೆಯಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ನಿಂತಿದ್ದಾರೆ.

ಸ್ಟ್ರಿಪ್ ಖರ್ಚನ್ನು ಲೆಕ್ಕದಲ್ಲಿ ಎಲ್ಲಿ ತೋರಿಸಿದಿರಿ ಅಂತ ಅಲ್ಲಿ ಹಿಂದೆ ಕೂತಿರುವ ಮೇಡಂ ಆಗಲೇ ಕೇಳಿದರು. ಆಡಿಟರೂ ಅದನ್ನೇ ಕೇಳಿದ್ದರು. ರಾಸುಗಳ ಔಷಧಿಗೆ ಒಂದು ಹೆಡ್ ಇದೆ, ಇದಕ್ಕೆ ಇಲ್ಲವಲ್ಲ ಅಂತ. ಆ ವರ್ಷ "ಇತರೆ" ಅಂತ ಬರೆದೆವು. ಅವರು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಮಾರನೆಯ ವರ್ಷ ಮಹಾಸಭೆಯಲ್ಲಿ ಇಟ್ಟೆವು. ಹಿಂಡಿ ದರದ ಗಲಾಟೆ ಮುಗಿಯುವ ತನಕ ಕಾದು, ಊಟಕ್ಕೆ ಏಳುವ ಮೊದಲು. ಆ ಕಾಲು ಹೋದ ಹಿರಿಯರು ಊರುಗೋಲು ಹಿಡಿದು ಮುಂದಿನ ಸಾಲಲ್ಲೇ ಕೂತಿದ್ದರು. ಅವರೇ ಮೊದಲು ಕೈ ಎತ್ತಿದರು. ಈಗ ಅದಕ್ಕೊಂದು ಹೆಡ್ ಇದೆ, "ಸದಸ್ಯರ ಆರೋಗ್ಯ" ಅಂತ, ಲೆಡ್ಜರ್‌ನಲ್ಲಿ ರಾಸುಗಳ ಔಷಧಿಯ ಕೆಳಗೆ.